ಬಿಲಿಯರ್ಡ್ಸ್ ಕ್ರೀಡೆಯೂ ಬೆಂಗಳೂರಿನ ಪಂಕಜ್ ಅಡ್ವಾಣಿಯವರೂ

೧

ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಯಲಿಯೂರು ಎಂಬ ಗ್ರಾಮವಿರುವುದು. ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಆ ಹೆಸರಿನ ಸಣ್ಣ ನಿಲ್ದಾಣವೂ ಒಂದುಂಟು. ಸುತ್ತಲೂ ಕಬ್ಬು ಬತ್ತಗಳ ಬಯಲು. ಇಂಥ ಊರುಗಳ ಬೀದಿಗಳಲ್ಲಿ ಗೋಲಿಯಾಟವನ್ನು ಅರಿಯದ ಹುಡುಗನು ಹಿಂದೆ ಇರಲಿಲ್ಲ. ಒಂದು ಗೋಲಿಯನ್ನು ಬೆರಳಿನಿಂದ ಚಿಮ್ಮಿ ಇನ್ನೊಂದಕ್ಕೆ ತಾಗಿಸುವುದು. ಏಟು ತಿಂದ ಗೋಲಿ ಎತ್ತ ಉರುಳುವುದು, ಏಟು ಕೊಟ್ಟ ಗೋಲಿ ಎಲ್ಲಿ ನಿಲ್ಲುವುದು ಎಂಬುದನ್ನು ಚಿಮ್ಮುವ ಮೊದಲೇ ಮನಸ್ಸಿನಲ್ಲಿ ಎಣಿಸಿಕೊಳ್ಳುವುದು. ಆ ಆಟದ ವಿದ್ಯೆಯೆಲ್ಲ ಇಷ್ಟೆ. ಈ ವಿದ್ಯೆಯನ್ನೇ ಪಾಶ್ಚಾತ್ಯರು ಹಸುರು ಬಟ್ಟೆ ಹೊದಿಸಿದ ಮೇಜಿನ ಮೇಲಕ್ಕೆ ಏರಿಸಿ, ಬೆರಳಿಗೆ ಬದಲಾಗಿ ಕೋಲನ್ನು ಹಿಡಿದು, ಬಿಲಿಯರ್ಡ್ಸ್ ಎಂಬ ಹೆಸರಿನಿಂದ ಬೆಳೆಸಿದರು.

ಬೀದಿಯ ಆಟಕ್ಕೆ ಹಣವೂ ಬೇಡ, ಯಾರ ಅಪ್ಪಣೆಯೂ ಬೇಡ. ಮೇಜಿನ ಆಟಕ್ಕೆ ಎರಡೂ ಬೇಕಾಗಿದ್ದುವು. ಆಳುವವರ ವಿನೋದವಾಗಿ ನಮ್ಮ ನಾಡಿಗೆ ಬಂದ ಈ ಆಟವು ಬಹುಕಾಲ ಆಳುವವರ ಬಾಗಿಲುಗಳ ಹಿಂದೆಯೇ ಉಳಿದಿತ್ತು. ಅದು ಅಲ್ಲಿಂದ ಹೊರಬಂದುದು ಹೇಗೆ? ಅದನ್ನು ಹುಟ್ಟಿಸಿದವರೇ ಅದನ್ನು ಮರೆಯತೊಡಗಿದಾಗ ಬೆಂಗಳೂರಿನ ಒಬ್ಬ ಬಾಲಕನು ಅದರಲ್ಲಿ ಜಗತ್ತಿನ ಅಗ್ರಸ್ಥಾನವನ್ನು ಪಡೆದುದು ಹೇಗೆ? ಪಡೆದ ಮೇಲೆ, ನೋಡುವವರು ವಿರಳವಾದ ಆ ಆಟವನ್ನು ಬಿಡದೆ ಉಳಿಸಿಕೊಂಡುದೇಕೆ? ಪಂಕಜ್ ಅಡ್ವಾಣಿಯವರ ಜೀವನವು ಈ ಮೂರು ಪ್ರಶ್ನೆಗಳಿಗೆ ಉತ್ತರವಾಗಿರುವುದು.

೨

ಆಟವು ಬಂದ ದಾರಿಯು ಮಂಡ್ಯದ ಸೀಮೆಗೆ ಅಪರಿಚಿತವಾದುದಲ್ಲ. ೧೭೯೯ನೆಯ ಇಸವಿಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಕೋಟೆಯೊಳಗೆ ಆಂಗ್ಲರ ಸೈನ್ಯವು ಬೀಡುಬಿಟ್ಟಿತು. ಆದರೆ ಕಾವೇರಿಯ ನಡುವಣ ಆ ದ್ವೀಪದಲ್ಲಿ ಜ್ವರದ ಬಾಧೆ ಅತಿಯಾಗಿ ಸಿಪಾಯಿಗಳು ನರಳತೊಡಗಿದರು. ೧೮೦೯ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಲಾಯಿತು. ಹಲಸೂರಿನ ಕಡೆಯಲ್ಲಿ ಬೆಳೆದ ಆ ನೆಲೆಯನ್ನು ಜನರು ಇಂದಿಗೂ ದಂಡು ಎಂದೇ ಕರೆಯುವರು. ದಂಡಿನ ಹಿಂದೆಯೇ ಇಗರ್ಜಿ, ಕವಾಯತಿನ ಮೈದಾನ, ಕುದುರೆ ಪಂದ್ಯಗಳು ಬಂದುವು. ಅಧಿಕಾರಿಗಳು ಊಟಮಾಡಿ ಹರಟುವ ಕ್ಲಬ್ಬುಗಳೂ ಬಂದುವು. ಕ್ಲಬ್ಬಿದ್ದಲ್ಲಿ ಬಿಲಿಯರ್ಡ್ಸ್ ಮೇಜು ಇರಲೇಬೇಕೆಂಬುದು ಅಂದಿನ ರೂಢಿ. ೧೮೬೮ರಲ್ಲಿ ಸ್ಥಾಪಿತವಾದ, ಮುಂದೆ ಬೆಂಗಳೂರು ಕ್ಲಬ್ಬೆಂದು ಹೆಸರಾದ ಸಂಸ್ಥೆಯು ಇಂಥ ಮನೆಗಳಲ್ಲಿ ಪ್ರಸಿದ್ಧವಾದುದು.

ಮೇಜೆಂದರೆ ಸಾಧಾರಣ ಮೇಜಲ್ಲ. ಉದ್ದ ಸುಮಾರು ೧೨ ಅಡಿ, ಅಗಲ ೬ ಅಡಿ. ಹಸುರು ಬಟ್ಟೆಯ ಕೆಳಗೆ ನುಣುಪಾಗಿ ಉಜ್ಜಿದ ಸ್ಲೇಟುಕಲ್ಲಿನ ಹಾಸುಗಳು. ಒಟ್ಟು ಭಾರ ಒಂದು ಟನ್ನಿಗೂ ಮಿಗಿಲು. ಇದನ್ನು ಇರಿಸಲು ಗಟ್ಟಿ ನೆಲದ ದೊಡ್ಡ ಕೋಣೆ ಬೇಕು. ಕೂದಲೆಳೆಯಷ್ಟೂ ಓರೆಯಾಗದಂತೆ ಮಟ್ಟ ಹಿಡಿಯಬಲ್ಲ ಕೆಲಸಗಾರರು ಬೇಕು. ಚೆಂಡುಗಳನ್ನು ಮೊದಲು ಆನೆಯ ದಂತದಿಂದಲೇ ಕಡೆಯುತ್ತಿದ್ದರು. ದಂತವು ದುರ್ಲಭವಾದಾಗ ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬವರು ಅದಕ್ಕೆ ಬದಲು ವಸ್ತುವನ್ನು ಅರಸುತ್ತ ೧೮೭೦ರ ಸುಮಾರಿಗೆ ಸೆಲ್ಯುಲಾಯ್ಡನ್ನು ಸಿದ್ಧಪಡಿಸಿದರು. ಇಂಥ ಆಟವು ಸಾಮಾನ್ಯ ಗೃಹಸ್ಥನ ಮನೆಗೆ ಬರುವುದೆಂತು?

ಕ್ಲಬ್ಬುಗಳ ಒಳಗೆ ಭಾರತೀಯನು ಇರಲೇ ಇಲ್ಲವೆಂದಲ್ಲ. ಅಂಕಗಳನ್ನು ಗುರುತುಹಾಕುವ, ಚೆಂಡುಗಳನ್ನು ಒರೆಸಿ ಇರಿಸುವ ಮಾರ್ಕರನು ಈ ದೇಶದವನೇ ಆಗಿದ್ದನು. ದೊರೆಗಳ ತಪ್ಪು ಏಟುಗಳನ್ನು ಮೌನವಾಗಿ ನೋಡುತ್ತ ನಿಂತವನು ಅವನು. ಸದಸ್ಯನಾಗಿ ಒಳಹೋಗಲು ಭಾರತೀಯರು ಬಹುಕಾಲ ಕಾಯಬೇಕಾಯಿತು. ೧೯೧೭ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ಬು ಏರ್ಪಟ್ಟುದು ಈ ಹಿನ್ನೆಲೆಯಲ್ಲಿ ಅರ್ಥವುಳ್ಳ ಸಂಗತಿ. ಮಂಡ್ಯದ ಬಯಲಿಗೆ ಕನ್ನಂಬಾಡಿಯ ನೀರನ್ನು ತಂದ ಮಹನೀಯರೇ ಬೆಂಗಳೂರಿನ ಭಾರತೀಯರಿಗೆ ತಮ್ಮದೇ ಆದ ಒಂದು ಸಭಾಗೃಹವನ್ನೂ ಒದಗಿಸಿದರು.

೩

ಮುಂದಣ ಕಥೆ ತಿಳಿಯುವಂತೆ ಆಟದ ನಿಯಮಗಳನ್ನು ಸ್ವಲ್ಪದಲ್ಲಿ ಹೇಳಬೇಕು. ಬಿಲಿಯರ್ಡ್ಸಿನಲ್ಲಿ ಚೆಂಡುಗಳು ಮೂರೇ: ಒಬ್ಬ ಆಟಗಾರನದು ಬಿಳಿ, ಇನ್ನೊಬ್ಬನದು ಹಳದಿ, ಇಬ್ಬರಿಗೂ ಸಾಮಾನ್ಯವಾದುದು ಕೆಂಪು. ಮೇಜಿನ ನಾಲ್ಕು ಮೂಲೆಗಳಲ್ಲಿಯೂ ಎರಡು ಉದ್ದ ಪಕ್ಕಗಳ ನಡುವೆಯೂ ಒಟ್ಟು ಆರು ಕುಳಿಗಳುಂಟು. ತನ್ನ ಚೆಂಡು ಉಳಿದೆರಡನ್ನೂ ತಾಗಿದರೆ ಅದಕ್ಕೆ ಕ್ಯಾನನ್ ಎಂದು ಹೆಸರು. ಅದರಿಂದ ೨ ಅಂಕ. ಕೆಂಪನ್ನು ಕುಳಿಗೆ ಕೆಡವಿದರೆ ೩, ಎದುರಾಳಿಯ ಚೆಂಡನ್ನು ಕೆಡವಿದರೆ ೨. ತನ್ನ ಚೆಂಡೇ ಇನ್ನೊಂದಕ್ಕೆ ತಾಗಿ ಕುಳಿಗೆ ಬಿದ್ದರೂ ಅಂಕವುಂಟು; ಕೆಂಪಿಗೆ ತಾಗಿ ಬಿದ್ದರೆ ೩, ಎದುರಾಳಿಯದಕ್ಕೆ ತಾಗಿ ಬಿದ್ದರೆ ೨. ಅಂಕ ಬರುತ್ತಿರುವಷ್ಟು ಹೊತ್ತೂ ಆಟಗಾರನು ಮೇಜನ್ನು ಬಿಡಬೇಕಾಗಿಲ್ಲ. ಹೀಗೆ ಒಂದೇ ಸರದಿಯಲ್ಲಿ ಕೂಡಿಸಿದ ಅಂಕಗಳ ಮೊತ್ತಕ್ಕೆ ಬ್ರೇಕ್ ಎನ್ನುವರು.

ಇದರ ತಂಗಿಯಂತಿರುವ ಸ್ನೂಕರ್ ಆಟವು ಭಾರತದಲ್ಲಿಯೇ ಹುಟ್ಟಿದುದೆಂಬುದು ಅನೇಕರಿಗೆ ತಿಳಿಯದು. ೧೮೭೫ರಲ್ಲಿ ಜಬ್ಬಲಪುರದ ಸೈನ್ಯದಲ್ಲಿ ಕಿರಿಯ ಅಧಿಕಾರಿಯಾಗಿದ್ದ ನೆವಿಲ್ ಚೇಂಬರ್ಲೇನ್ ಎಂಬವನು, ಮಳೆಗಾಲದ ಬೇಸರವನ್ನು ಕಳೆಯಲು, ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ಕಲ್ಪಿಸಿದನೆಂದು ಹೇಳುವರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವನು ಬೇರೆ. ನಿಯಮಗಳು ಒಂದು ರೂಪಕ್ಕೆ ಬಂದುದು ೧೮೮೨ರಲ್ಲಿ ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ. ಸ್ನೂಕರಿನಲ್ಲಿ ೧೫ ಕೆಂಪು ಚೆಂಡುಗಳು, ಬೇರೆ ಬೇರೆ ಬೆಲೆಯ ೬ ಬಣ್ಣದ ಚೆಂಡುಗಳು, ಹೊಡೆಯಲು ಒಂದು ಬಿಳಿಯ ಚೆಂಡು. ಒಂದು ಕೆಂಪು, ಒಂದು ಬಣ್ಣ ಎಂಬ ಕ್ರಮದಲ್ಲಿ ಅವನ್ನು ಕುಳಿಗಳಿಗೆ ಕೆಡವಬೇಕು. ನೋಡುವವನ ಕಣ್ಣಿಗೆ ಇದು ಹಬ್ಬ. ಮೇಜು ಬರಿದಾಗುತ್ತ ಬಂದಂತೆಲ್ಲ ಕುತೂಹಲವು ಏರುವುದು.

ಬಿಲಿಯರ್ಡ್ಸಿನ ಗತಿ ಇದಕ್ಕೆ ವಿಪರೀತವಾಯಿತು. ಆ ಆಟವು ಕುಗ್ಗಿದುದು ಕೌಶಲದ ಅಭಾವದಿಂದಲ್ಲ, ಕೌಶಲದ ಅತಿರೇಕದಿಂದ. ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ ಎಂಬ ಅಸಾಧಾರಣ ಆಟಗಾರನು ೧೯೩೨ರಲ್ಲಿ ಲಂಡನ್ನಿನಲ್ಲಿ ಒಂದೇ ಸರದಿಯಲ್ಲಿ ೪,೧೩೭ ಅಂಕಗಳನ್ನು ಕೂಡಿಸಿದನು. ಮೂರು ಚೆಂಡುಗಳನ್ನು ಅಂಗೈಯಗಲದೊಳಗೆ ಸೇರಿಸಿಕೊಂಡು, ಮೇಜಿನ ಅಂಚಿನ ಗುಂಟ ಮೆಲ್ಲಮೆಲ್ಲನೆ ನಡಸುತ್ತ, ಗಂಟೆಗಟ್ಟಲೆ ಕ್ಯಾನನ್‌ಗಳನ್ನು ಹೊಡೆಯಬಲ್ಲವನು ಅವನು. ಎದುರಾಳಿಯಾದ ಜೋ ಡೇವಿಸ್ ಸಾಮಾನ್ಯನಲ್ಲ; ಆದರೂ ಕುರ್ಚಿಯಲ್ಲಿ ಕುಳಿತು ನೋಡುವುದಲ್ಲದೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಇಂಥ ಸಿದ್ಧಿಯನ್ನು ತಜ್ಞರು ಮೆಚ್ಚಿದರು, ಜನರು ಆಕಳಿಸಿದರು. ಕ್ಯಾನನ್‌ಗಳಿಗೆ ಮಿತಿ ಹಾಕುವ ನಿಯಮಗಳು ಬಂದುವು; ಆದರೂ ಪ್ರೇಕ್ಷಕರು ಮರಳಿ ಬರಲಿಲ್ಲ. ೧೯೨೭ರಲ್ಲಿ ಮೊದಲಾದ ಸ್ನೂಕರ್ ವಿಶ್ವ ಪಂದ್ಯದ ಕಡೆಗೆ ಹಣವೂ ಹೆಸರೂ ಹರಿದುವು. ತನ್ನ ತೌರಿನಲ್ಲಿಯೇ ಬಿಲಿಯರ್ಡ್ಸ್ ಅನಾಥವಾಗತೊಡಗಿತು.

೪

ಆ ಅನಾಥ ಶಿಶುವಿಗೆ ಭಾರತವು ಆಶ್ರಯವಾಯಿತು. ೧೯೨೨ರಲ್ಲಿ ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ ಅವರು ೧೯೫೮ರಲ್ಲಿ ಕಲ್ಕತ್ತೆಯಲ್ಲಿ ನಡೆದ ಹವ್ಯಾಸಿಗಳ ವಿಶ್ವ ಬಿಲಿಯರ್ಡ್ಸ್ ಪಂದ್ಯವನ್ನು ಗೆದ್ದರು. ಸ್ವತಂತ್ರ ಭಾರತದಲ್ಲಿ ಒಬ್ಬೊಬ್ಬರೇ ಆಡುವ ಆಟಗಳಲ್ಲಿ ವಿಶ್ವಪ್ರಶಸ್ತಿಯನ್ನು ತಂದ ಮೊದಲಿಗರು ಅವರೇ. ೧೯೬೪ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೊಮ್ಮೆ ಗೆದ್ದರು. ಅವರ ತರುವಾಯ ಮುಂಬಯಿಯ ಮೈಕೇಲ್ ಫೆರೇರಾ ಅವರು ೧೯೭೭, ೧೯೮೧, ೧೯೮೩ರಲ್ಲಿ ಅದೇ ಗೌರವವನ್ನು ಪಡೆದರು. ಗೀತ್ ಸೇಥಿಯವರು ೧೯೮೫ರಿಂದ ಆರಂಭಿಸಿ ಹವ್ಯಾಸಿ, ವೃತ್ತಿಪರ ಎಂಬ ಎರಡು ಬಗೆಯ ವಿಶ್ವ ಪಂದ್ಯಗಳಲ್ಲಿಯೂ ಮೇಲಾದರು. ೧೯೯೦ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಮನೋಜ್ ಕೊಠಾರಿಯವರು ಗೆದ್ದರು.

ಇಷ್ಟಾದರೂ ನಾಡಿನ ಆದರವು ಕ್ರಿಕೆಟ್ಟಿನ ಕಡೆಗೇ ವಾಲಿತ್ತು. ೧೯೮೧ರಲ್ಲಿ ಸರ್ಕಾರವು ಪದ್ಮಶ್ರೀ ಕೊಡಮಾಡಿದಾಗ ಫೆರೇರಾ ಅವರು ಅದನ್ನು ಸ್ವೀಕರಿಸಲಿಲ್ಲ. ಕ್ರಿಕೆಟ್ಟಿನ ಶ್ರೇಷ್ಠನಿಗೆ ಪದ್ಮಭೂಷಣ ಸಲ್ಲುವುದಾದರೆ ಬಿಲಿಯರ್ಡ್ಸಿನ ವಿಶ್ವವಿಜೇತನಿಗೆ ಅದಕ್ಕಿಂತ ಕಡಿಮೆಯಾದುದು ಏಕೆ ಎಂಬುದು ಅವರ ವಾದ. ೧೯೮೩ರಲ್ಲಿ ಅವರಿಗೂ ಪದ್ಮಭೂಷಣ ಬಂದಿತು. ತಮ್ಮೊಬ್ಬರಿಗಾಗಿ ಮಾಡಿದ ಹಟವೆಂದು ಇದನ್ನು ತಳ್ಳಿಬಿಡಬಾರದು. ಮೆಚ್ಚುವವರು ಕಡಿಮೆಯಾದ ಮಾತ್ರಕ್ಕೆ ವಿದ್ಯೆಯ ಬೆಲೆ ಕುಂದುವುದೇ ಎಂಬ ಪ್ರಶ್ನೆ ಅದರೊಳಗೆ ಅಡಗಿರುವುದು. ಮುಂದೆ ಆ ಪ್ರಶ್ನೆಯನ್ನು ಹೊರಬೇಕಾದವರು ಬೆಂಗಳೂರಿನವರು.

೫

ಪಂಕಜ್ ಅರ್ಜನ್ ಅಡ್ವಾಣಿಯವರು ಹುಟ್ಟಿದುದು ೧೯೮೫ನೆಯ ಇಸವಿಯ ಜುಲೈ ೨೪ರಂದು, ಪುಣೆಯಲ್ಲಿ. ವಿಲ್ಸನ್ ಜೋನ್ಸ್ ಹುಟ್ಟಿದ ಊರೂ ಅದೇ. ಮನೆತನ ಸಿಂಧಿಗಳದು. ಶೈಶವದ ಕೆಲವು ವರ್ಷಗಳು ಕುವೈತಿನಲ್ಲಿ ಕಳೆದುವು. ಆಮೇಲೆ ಸಂಸಾರವು ಬೆಂಗಳೂರಿಗೆ ಬಂದು ನೆಲಸಿತು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಬೆಳೆಸುವ ಭಾರವು ತಾಯಿಯ ಮೇಲೆ ಬಿದ್ದಿತು. ಫ್ರಾಂಕ್ ಆಂತೊನಿ ಪಬ್ಲಿಕ್ ಶಾಲೆಯಲ್ಲಿ ಓದು ಸಾಗಿತು. ಮುಂದೆ ಭಗವಾನ್ ಮಹಾವೀರ ಜೈನ್ ಕಾಲೇಜಿನಲ್ಲಿ ವಾಣಿಜ್ಯ ಪದವಿ.

ಅಣ್ಣ ಶ್ರೀ ಅಡ್ವಾಣಿಯವರಿಗೆ ಸ್ನೂಕರಿನ ಹುಚ್ಚು. ಅಣ್ಣನ ಬೆನ್ನು ಹಿಡಿದು ಆಟದ ಮನೆಗೆ ಹೋದ ತಮ್ಮನಿಗೆ ಆಗ ಸುಮಾರು ಹತ್ತು ವರ್ಷ. ಕೆಲವು ದಿನ ಬರಿದೆ ನೋಡಿ, ಒಂದು ದಿನ ಕೋಲು ಹಿಡಿದನು. ದಂಡಿನ ಕ್ಲಬ್ಬುಗಳ ಕಾಲವಾಗಿದ್ದರೆ ಈ ಹುಡುಗನು ಆ ಬಾಗಿಲನ್ನು ದಾಟುವಂತಿರಲಿಲ್ಲ. ಅಷ್ಟರಲ್ಲಿ ಕಾಲವು ಬದಲಾಗಿದ್ದಿತು. ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಆಡುವ ಸ್ನೂಕರ್ ಮನೆಗಳು ಬೆಂಗಳೂರಿನಲ್ಲಿ ಹಬ್ಬಿದ್ದುವು. ಅಲ್ಲದೆ, ಮಿಲ್ಲರ್ಸ್ ಕೆರೆಯಂಗಳದ ಬಳಿಯಲ್ಲಿರುವ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಹುಡುಗರಿಗೆ ಪಂದ್ಯಗಳೂ ಅಭ್ಯಾಸಕ್ಕೆ ಅವಕಾಶವೂ ಇದ್ದುವು.

ಬೇಕಾಗಿದ್ದುದು ಗುರು. ಬೆಂಗಳೂರಿನ ಅರವಿಂದ ಸವೂರ್ ಅವರು ತಾವೇ ರಾಷ್ಟ್ರೀಯ ಮಟ್ಟದ ಆಟಗಾರರಾಗಿದ್ದವರು. ಆಟದ ಶಾಸ್ತ್ರವನ್ನು ಆಳವಾಗಿ ಬಲ್ಲವರು. ಮೇಜಿಗಿಂತ ಅಷ್ಟೇನೂ ಎತ್ತರವಿಲ್ಲದ ಬಾಲಕನನ್ನು ಕಂಡು ಅವರು ಮೊದಲು ಹಿಂಜರಿದರೆಂದು ಹೇಳುವರು. ಹುಡುಗನ ಕೈಯನ್ನೂ ಕಣ್ಣನ್ನೂ ಪರೀಕ್ಷಿಸಿದ ಮೇಲೆ ಒಪ್ಪಿಕೊಂಡರು. ಅಲ್ಲಿಂದ ಮುಂದಕ್ಕೆ ಗುರುಶಿಷ್ಯರ ಸಂಬಂಧವು ಮನೆಯ ಸಂಬಂಧದಂತೆ ಬೆಳೆಯಿತು. ಶಿಷ್ಯನು ಸ್ನೂಕರಿನ ಜೊತೆಗೆ ಬಿಲಿಯರ್ಡ್ಸನ್ನೂ ಕೈಗೂಡಿಸಿಕೊಂಡನು. ಮೂರೇ ಚೆಂಡುಗಳಲ್ಲಿ ಕೋನ, ವೇಗ, ಸುತ್ತು ಇವುಗಳ ಲೆಕ್ಕವನ್ನು ಕಲಿತವನಿಗೆ ಇಪ್ಪತ್ತೆರಡು ಚೆಂಡುಗಳ ನಡುವೆ ದಾರಿ ಹುಡುಕುವುದು ಕಷ್ಟವಲ್ಲ. ೨೦೦೪ರಲ್ಲಿ ಸವೂರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿಯೂ ಅದೇ ವರ್ಷದ ಅರ್ಜುನ ಪ್ರಶಸ್ತಿಯು ಶಿಷ್ಯನಿಗೂ ಸಂದುವು. ಹೆಸರುಗಳು ಸಾರ್ಥಕವಾದ ಸಂದರ್ಭವಿದು.

೬

೨೦೦೩ರ ಅಕ್ಟೋಬರಿನಲ್ಲಿ ವಿಲ್ಸನ್ ಜೋನ್ಸ್ ಅವರು ಕಾಲವಾದರು. ಅದೇ ವರ್ಷ ಚೀನದ ಜಿಯಾಂಗ್‌ಮೆನ್ ಎಂಬಲ್ಲಿ ಹದಿನೆಂಟು ವರ್ಷದ ಪಂಕಜ್ ಅಡ್ವಾಣಿಯವರು, ಪಾಕಿಸ್ತಾನದ ಸಾಲೇ ಮಹಮ್ಮದ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ, ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು. ಒಂದು ದೀಪ ಆರಿದ ವರ್ಷದಲ್ಲಿಯೇ ಇನ್ನೊಂದು ಹೊತ್ತಿತು.

ಸ್ನೂಕರಿನಲ್ಲಿ ಗೆದ್ದ ಹುಡುಗನು ಆ ದಾರಿಯಲ್ಲಿಯೇ ನಡೆಯುವನೆಂದು ಜನರು ಎಣಿಸಿದರು. ಅವರಾದರೋ ಬಿಲಿಯರ್ಡ್ಸಿನ ಕಡೆಗೂ ತಿರುಗಿದರು. ಹವ್ಯಾಸಿಗಳ ವಿಶ್ವ ಬಿಲಿಯರ್ಡ್ಸ್ ಪಂದ್ಯವು ಎರಡು ವಿಧವಾಗಿ ನಡೆಯುವುದು. ಒಂದರಲ್ಲಿ ೧೫೦ ಅಂಕಗಳ ಸಣ್ಣ ಸಣ್ಣ ಆಟಗಳು. ಯಾರು ಹೆಚ್ಚು ಆಟಗಳನ್ನು ಗೆಲ್ಲುವರೋ ಅವರಿಗೆ ಜಯ. ಇನ್ನೊಂದು ಗಂಟೆಗಳ ಲೆಕ್ಕದ ದೀರ್ಘ ಪಂದ್ಯ. ಮೊದಲನೆಯದರಲ್ಲಿ ಒಂದು ತಪ್ಪಿಗೆ ಒಡನೆಯೇ ದಂಡ ತೆರಬೇಕು. ಎರಡನೆಯದರಲ್ಲಿ ದೇಹವೂ ಮನಸ್ಸೂ ದಣಿಯದಿರಬೇಕು. ೨೦೦೫ರಲ್ಲಿ ಮಾಲ್ಟಾ ದ್ವೀಪದಲ್ಲಿ ಅಡ್ವಾಣಿಯವರು ಒಂದೇ ಪಂದ್ಯಾವಳಿಯಲ್ಲಿ ಎರಡನ್ನೂ ಗೆದ್ದರು. ಅದಕ್ಕೆ ಮುಂಚೆ ಯಾರೂ ಹಾಗೆ ಗೆದ್ದಿರಲಿಲ್ಲ. ೨೦೦೮ರಲ್ಲಿ ಬೆಂಗಳೂರಿನ ಜನರ ಎದುರಿನಲ್ಲಿಯೇ ಅದನ್ನು ಮತ್ತೊಮ್ಮೆ ಸಾಧಿಸಿದರು. ನಡುವೆ, ೨೦೦೬ರಲ್ಲಿ, ದೋಹಾದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವೂ ಬಂದಿತು.

೨೦೦೯ರಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋದುದು ವೃತ್ತಿಪರರ ವಿಶ್ವ ಪಂದ್ಯಕ್ಕಾಗಿ. ಅಂತಿಮ ಪಂದ್ಯದಲ್ಲಿ ಎದುರಾದವರು ಮೈಕ್ ರಸೆಲ್; ಇಂಗ್ಲೆಂಡಿನವರು, ಆ ಕಾಲದ ಬಿಲಿಯರ್ಡ್ಸಿಗೆ ಪ್ರಮಾಣವೆನಿಸಿದವರು, ಆ ಪ್ರಶಸ್ತಿಯನ್ನು ಹಲವು ಸಲ ಪಡೆದವರು. ದೀರ್ಘ ಪಂದ್ಯದಲ್ಲಿ ಇಂಥವರ ಎದುರು ಸಣ್ಣದೊಂದು ತಪ್ಪು ಮಾಡಿದರೆ ಕುರ್ಚಿಗೆ ಮರಳಿ, ನೂರು ಇನ್ನೂರು ಅಂಕಗಳು ಏರುವುದನ್ನು ಸುಮ್ಮನೆ ನೋಡುತ್ತ ಕೂರಬೇಕು. ಎದ್ದು ಬಂದಾಗ ಕೈ ಬೆಚ್ಚಗಿರದು, ಚಿತ್ತವು ಕದಡಿರುವುದು. ಅಂಥ ಕ್ಷಣದಲ್ಲಿ ಹೊಡೆಯುವ ಮೊದಲನೆಯ ಏಟು ಆಟಗಾರನ ಸತ್ವವನ್ನು ತೋರಿಸುವುದು. ಬಿಲಿಯರ್ಡ್ಸಿನ ನಿಜವಾದ ಪರೀಕ್ಷೆ ಮೇಜಿನ ಮೇಲೆ ನಡೆಯುವಷ್ಟೇ ಕುರ್ಚಿಯಲ್ಲಿಯೂ ನಡೆಯುವುದು. ಆ ದಿನ ಅಡ್ವಾಣಿಯವರು ೨,೦೩೦ ಅಂಕಗಳನ್ನು ಗಳಿಸಿದರು, ರಸೆಲ್ ೧,೨೫೩. ಗೀತ್ ಸೇಥಿಯವರ ಬಳಿಕ ವೃತ್ತಿಪರರ ವಿಶ್ವ ಪ್ರಶಸ್ತಿಯನ್ನು ಗೆದ್ದ ಭಾರತೀಯರು ಇವರು. ಆಟವನ್ನು ದಂಡಿನೊಡನೆ ಕಳುಹಿಸಿದ ದೇಶಕ್ಕೆ ದಂಡಿನ ನಗರದಿಂದ ಹೋದ ಪ್ರತ್ಯುತ್ತರವೆಂದು ಇದನ್ನು ಭಾವಿಸಿದರೆ ತಪ್ಪಾಗಲಾರದು.

೨೦೧೦ರಲ್ಲಿ ಚೀನದ ಗ್ವಾಂಗ್‌ಝೌ ನಗರದ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನವೂ ಇವರದೇ. ಆದರೆ ೨೦೧೪ರ ಏಷ್ಯನ್ ಕ್ರೀಡೆಗಳಲ್ಲಿ ಈ ಆಟಗಳಿಗೆ ಎಡೆ ದೊರೆಯಲಿಲ್ಲ. ೨೦೧೮ರಲ್ಲಿಯೂ ಹಾಗೆಯೇ ಆಯಿತು. ಒಲಿಂಪಿಕ್ ಕ್ರೀಡೆಗಳಲ್ಲಿ ಇವುಗಳಿಗೆ ಎಂದೂ ಸ್ಥಾನವಿದ್ದುದಿಲ್ಲ. ವಿದ್ಯೆಯು ಪಕ್ವವಾದ ಹೊತ್ತಿಗೆ ರಂಗಸ್ಥಳವೇ ಸರಿದುಹೋದರೆ ನಟನು ಏನು ಮಾಡಬೇಕು?

೭

ಈ ಪ್ರಶ್ನೆಗೆ ಲೋಕವು ಕೊಡುವ ಉತ್ತರ ಸುಲಭವಾದುದು: ರಂಗಸ್ಥಳವಿರುವ ಕಡೆಗೆ ಹೋಗಬೇಕು. ವೃತ್ತಿಪರ ಸ್ನೂಕರಿನಲ್ಲಿ ದೂರದರ್ಶನದ ಬೆಳಕೂ ಉಂಟು, ಲಕ್ಷಗಟ್ಟಲೆ ಪೌಂಡುಗಳೂ ಉಂಟು. ೨೦೧೨ರಲ್ಲಿ ಅಡ್ವಾಣಿಯವರು ಆ ಮಂಡಲಿಗೆ ಸೇರಿ ಬ್ರಿಟನ್ನಿನಲ್ಲಿ ಆಡತೊಡಗಿದರು. ೨೦೧೩ರ ವೆಲ್ಷ್ ಓಪನ್ ಪಂದ್ಯದಲ್ಲಿ ಕೊನೆಯ ಎಂಟು ಮಂದಿಯೊಳಗೆ ಒಬ್ಬರಾದರು. ಶ್ರೇಯಾಂಕಕ್ಕೆ ಎಣಿಸುವ ಪಂದ್ಯವೊಂದರಲ್ಲಿ ಅಷ್ಟು ದೂರ ಬಂದ ಭಾರತೀಯನು ಅದುವರೆಗೆ ಇರಲಿಲ್ಲ. ಇನ್ನು ಕೆಲವು ವರ್ಷ ಅಲ್ಲಿಯೇ ನಿಂತಿದ್ದರೆ ಏನಾಗುತ್ತಿತ್ತೋ ಹೇಳಬಲ್ಲವರಾರು?

ಅವರು ನಿಲ್ಲಲಿಲ್ಲ. ೨೦೧೪ರಲ್ಲಿ ವೃತ್ತಿಪರ ಸ್ಥಾನವನ್ನು ಬಿಟ್ಟುಕೊಟ್ಟು ಊರಿಗೆ ಮರಳಿದರು. ವರ್ಷದ ಬಹುಭಾಗವನ್ನು ಪರದೇಶದಲ್ಲಿ ಕಳೆಯುವುದು, ಬಿಲಿಯರ್ಡ್ಸಿಗೆ ಎಡೆಯೇ ಇಲ್ಲದಂತಾಗುವುದು, ಇವೆರಡೂ ಆ ಬದುಕಿನ ಬೆಲೆಯಾಗಿದ್ದುವು. ಅದನ್ನು ತೆರಲು ಅವರು ಒಪ್ಪಲಿಲ್ಲ. ಲೌಕಿಕರಿಗೆ ಇದು ಅವಿವೇಕವಾಗಿ ತೋರಬಹುದು. ಅದೇ ವರ್ಷ ಲೀಡ್ಸಿನಲ್ಲಿ ವಿಶ್ವ ಬಿಲಿಯರ್ಡ್ಸಿನ ಎರಡು ಬಗೆಗಳನ್ನೂ ಅವರು ಮೂರನೆಯ ಸಲ ಒಟ್ಟಿಗೆ ಗೆದ್ದುದು ಅದಕ್ಕೆ ಒಂದು ಬಗೆಯ ಉತ್ತರವಾಯಿತು.

ಮುಂದಣ ವರ್ಷಗಳ ಗೆಲವುಗಳನ್ನು ಒಂದೊಂದಾಗಿ ವಿವರಿಸಿದರೆ ಓದುವವರಿಗೆ ಬೇಸರವಾದೀತು; ಮುಖ್ಯವಾದುವನ್ನು ಹೆಸರಿಸಿದರೆ ಸಾಕು. ೨೦೧೫ರಲ್ಲಿ ಕರಾಚಿಯಲ್ಲಿ, ಆರು ಕೆಂಪು ಚೆಂಡುಗಳ ಕಿರು ಸ್ನೂಕರಿನ ವಿಶ್ವ ಪ್ರಶಸ್ತಿ. ೨೦೧೬ರಲ್ಲಿ ಬೆಂಗಳೂರಿನಲ್ಲಿ, ಸಿಂಗಪುರದ ಪೀಟರ್ ಗಿಲ್‌ಕ್ರಿಸ್ಟ್ ಅವರ ಎದುರು ಬಿಲಿಯರ್ಡ್ಸಿನ ವಿಜಯ. ೨೦೧೭ರಲ್ಲಿ ದೋಹಾದಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ. ೨೦೧೮ರಲ್ಲಿ ಯಾಂಗೊನ್ ನಗರದಲ್ಲಿ, ನಾಲ್ಕನೆಯ ಸಲ ಜೋಡಿ ಗೆಲವು. ಅಲ್ಲಿ ದೀರ್ಘ ಪಂದ್ಯದ ಅಂತ್ಯದಲ್ಲಿ ಎದುರಾದವರು ಬೆಂಗಳೂರಿನವರೇ ಆದ ಬಿ. ಭಾಸ್ಕರ್. ೨೦೨೪ರ ನವೆಂಬರಿನಲ್ಲಿ ದೋಹಾದಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಅವರನ್ನು ಗೆದ್ದಾಗ ವಿಶ್ವ ಪ್ರಶಸ್ತಿಗಳ ಸಂಖ್ಯೆ ೨೮ಕ್ಕೆ ಏರಿತು. ಖೇಲ್ ರತ್ನ, ೨೦೦೯ರ ಪದ್ಮಶ್ರೀ, ೨೦೧೮ರ ಪದ್ಮಭೂಷಣಗಳು ಈ ನಡುವೆ ಬಂದುವು. ಫೆರೇರಾ ಅವರು ವಾದಮಾಡಿ ತೆರೆಯಿಸಿದ ಬಾಗಿಲು ಇವರಿಗೆ ತಾನಾಗಿ ತೆರೆಯಿತು.

೮

ಸಂಖ್ಯೆಯನ್ನು ಕಂಡು ಬೆರಗಾಗುವುದು ಸುಲಭ. ಅದನ್ನು ತೂಗಿನೋಡುವುದು ವಿವೇಕ. ಬಿಲಿಯರ್ಡ್ಸನ್ನು ಆಡುವ ದೇಶಗಳೇ ಕೆಲವು. ಮೇಲ್ಮಟ್ಟದ ಆಟಗಾರರು ಇನ್ನೂ ಕೆಲವರು. ಆದುದರಿಂದ ಅಲ್ಲಿ ೨೮ ಎಂಬುದು ದೊಡ್ಡದಲ್ಲ ಎಂದು ಆಕ್ಷೇಪಿಸುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆಕ್ಷೇಪಿಸುವವರು ೨೦೧೫ರ ಒಂದು ಪಂದ್ಯವನ್ನು ನೆನೆಯಬೇಕು. ಆ ವರ್ಷ ಈಜಿಪ್ಟಿನ ಹುರ್ಘಾಡದಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರಿನ ಅಂತಿಮ ಪಂದ್ಯದಲ್ಲಿ ಅಡ್ವಾಣಿಯವರಿಗೆ ಎದುರಾದವನು ಝಾವೊ ಶಿನ್‌ಟಾಂಗ್ ಎಂಬ ಚೀನದ ತರುಣ. ಅಡ್ವಾಣಿಯವರು ಗೆದ್ದರು. ಸೋತ ಆ ತರುಣನೇ ೨೦೨೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ವೃತ್ತಿಪರರ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಪಡೆದ ಮೊದಲ ಚೀನೀಯನಾದನು. ಬೆಂಗಳೂರಿನ ಆಟಗಾರರು ಬಿಟ್ಟುಬಂದ ದಾರಿಯು ಅವರಿಗೆ ಎಟುಕದ ದಾರಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತು. ಎರಡು ಆಟಗಳನ್ನು ಒಬ್ಬನೇ ಆಡುವುದು ಎರಡು ಕೆಲಸ ಮಾಡಿದಂತೆ ಮಾತ್ರವಲ್ಲ. ಒಂದು ಇನ್ನೊಂದನ್ನು ಕೆಡಿಸುವ ಭಯವೂ ಉಂಟು. ಸ್ನೂಕರಿನಲ್ಲಿ ಏಟು ಬಿರುಸು. ಗುರಿ ತಪ್ಪದಿರುವುದು ಅಲ್ಲಿ ಮುಖ್ಯ. ಬಿಲಿಯರ್ಡ್ಸಿನಲ್ಲಿ ಸ್ಪರ್ಶವು ಮೃದು. ಚೆಂಡುಗಳನ್ನು ಮತ್ತೆ ಮತ್ತೆ ಬೇಕಾದ ಎಡೆಗೆ ಕರೆತರುವುದು ಅಲ್ಲಿ ಮುಖ್ಯ. ಒಂದರ ಹದಕ್ಕೆ ಬಂದ ತೋಳು ಇನ್ನೊಂದಕ್ಕೆ ಹೋದಾಗ ಮೊದಮೊದಲು ಮೊಂಡಾಗುವುದು. ಈ ಕಾರಣದಿಂದಲೇ ಒಂದರಲ್ಲಿ ಪರಿಣತರಾದವರು ಇನ್ನೊಂದನ್ನು ದೂರವಿಡುವರು. ಎರಡರಲ್ಲಿಯೂ, ಎರಡರ ಕಿರಿದು ಹಿರಿದೆಂಬ ರೂಪಗಳಲ್ಲಿಯೂ ವಿಶ್ವ ಪ್ರಶಸ್ತಿ ಗಳಿಸಿದವರಲ್ಲಿ ಅಡ್ವಾಣಿಯವರೇ ಮೊದಲಿಗರು.

ಆದರೂ ಕಾಲವು ಯಾರ ಮೇಜಿನಲ್ಲಿಯೂ ನಿಲ್ಲದು. ೨೦೨೫ರ ಏಪ್ರಿಲಿನಲ್ಲಿ ಐರ್ಲೆಂಡಿನ ಕಾರ್ಲೋ ಎಂಬಲ್ಲಿ ನಡೆದ ವಿಶ್ವ ಬಿಲಿಯರ್ಡ್ಸಿನ ಅಂತಿಮ ಪಂದ್ಯದಲ್ಲಿ ಅಡ್ವಾಣಿಯವರು ಸೋತರು. ಗೆದ್ದವರು ಸೌರವ್ ಕೊಠಾರಿ. ೧೯೯೦ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಮನೋಜ್ ಕೊಠಾರಿಯವರ ಮಗ. ೨೦೨೨ರಲ್ಲಿಯೂ ೨೦೨೩ರಲ್ಲಿಯೂ ವಿಶ್ವ ಪಂದ್ಯದ ಕೊನೆಯಲ್ಲಿ ಅಡ್ವಾಣಿಯವರಿಂದ ಸೋತಿದ್ದವರು ಅವರೇ. ಈ ಸೋಲು ಅಡ್ವಾಣಿಯವರ ಕೀರ್ತಿಯನ್ನು ಕುಗ್ಗಿಸಲಿಲ್ಲ. ಆಟವು ಒಬ್ಬರಲ್ಲಿ ಮುಗಿಯದೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಸಾಗುತ್ತಿರುವುದೆಂಬುದನ್ನು ಅದು ಖಚಿತಪಡಿಸಿತು.

೯

ಕರ್ನಾಟಕದಲ್ಲಿ ಈ ಪರಂಪರೆಯು ಗಂಡಸರಿಗೆ ಮಾತ್ರ ಮೀಸಲಾಗಿಲ್ಲ. ಹೆಂಗಸರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ೨೦೦೬ ಮತ್ತು ೨೦೦೭ರಲ್ಲಿ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಅವರೂ ೨೦೧೨ರಲ್ಲಿ ಉಮಾದೇವಿ ನಾಗರಾಜ್ ಅವರೂ ಗೆದ್ದರು. ಉಮಾದೇವಿಯವರು ಸರ್ಕಾರಿ ನೌಕರಿಯಲ್ಲಿದ್ದ ಗೃಹಿಣಿ. ಕೋಲು ಹಿಡಿಯುವ ಹೊತ್ತಿಗೆ ಮೂವತ್ತರ ಹತ್ತಿರ ಬಂದಿದ್ದವರು. ದೊರೆಗಳು ಊಟವಾದ ಮೇಲೆ ಚುಟ್ಟ ಸೇದುತ್ತ ಆಡುತ್ತಿದ್ದ ಆಟವು ಕಚೇರಿಯಿಂದ ಮರಳುವ ಗೃಹಿಣಿಯ ಕೈಗೂ ಬಂದಿತೆಂಬುದು ಸಣ್ಣ ಬದಲಾವಣೆಯಲ್ಲ.

ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಹೊರಟ ದಂಡು ಬೆಂಗಳೂರಿಗೆ ತಂದ ಆಟವಿದು. ಮೊದಲು ನಮ್ಮವರು ಅದರ ಅಂಕಗಳನ್ನು ಬರೆದರು. ಬಳಿಕ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ತಮ್ಮದೇ ಮನೆಗಳನ್ನು ಕಟ್ಟಿಕೊಂಡು ಕಲಿತರು. ಕೊನೆಗೆ ಅದನ್ನು ತಂದವರೇ ಕೈಬಿಡುತ್ತಿದ್ದಾಗ ಅದಕ್ಕೆ ಆಸರೆಯಾದರು. ಹೊರಗಿನಿಂದ ಬಂದ ವಿದ್ಯೆಯನ್ನು ತನ್ನದಾಗಿ ಮಾಡಿಕೊಳ್ಳುವುದೆಂದರೆ ಇದೇ. ಅನುಕರಣೆಯು ಮೆಚ್ಚುಗೆ ಇರುವಷ್ಟು ಕಾಲ ನಡೆಯುವುದು. ಒಲವಾದರೋ ಮೆಚ್ಚುಗೆ ಸರಿದ ಮೇಲೆಯೂ ಉಳಿಯುವುದು. ಪಂಕಜ್ ಅಡ್ವಾಣಿಯವರ ೨೮ ಪ್ರಶಸ್ತಿಗಳಿಗಿಂತ ೨೦೧೪ರ ಅವರ ಆ ಒಂದು ನಿರ್ಧಾರವನ್ನು ಇತಿಹಾಸವು ಹೆಚ್ಚಾಗಿ ನೆನೆದರೆ ಆಶ್ಚರ್ಯವಿಲ್ಲ.

ಯಲಿಯೂರಿನಂಥ ಊರುಗಳ ಬೀದಿಗಳಲ್ಲಿ ಗೋಲಿಯಾಡುವ ಹುಡುಗರು ಈಗ ವಿರಳ. ಆದರೆ ಎರಡು ಗೋಲಿಗಳ ನಡುವಣ ದಾರಿಯನ್ನು ಕಣ್ಣಿನಿಂದ ಅಳೆದು ಉಸಿರು ಬಿಗಿಹಿಡಿಯುವ ಆ ಕ್ಷಣವು ಹಸುರು ಮೇಜಿನ ಮೇಲೂ ಅದೇ, ಮಣ್ಣಿನ ಮೇಲೂ ಅದೇ. ಅಂಥ ಕಣ್ಣುಳ್ಳ ಬಾಲಕನೊಬ್ಬನು ಈ ಸೀಮೆಯಲ್ಲಿಯೂ ಇದ್ದಾನು. ಅವನು ತಟ್ಟಿದ ಬಾಗಿಲು ತೆರೆಯುವಂತಿರಬೇಕು. ಒಳಗೆ ಒಬ್ಬ ಗುರುವಿರಬೇಕು. ಮಿಕ್ಕುದನ್ನು ಅವನ ಕೈ ನೋಡಿಕೊಳ್ಳುವುದು.